ಪಾವಗಡದ ಬಿಸಿಲು, ಪಂಪ್‌ಸೆಟ್ಟಿನ ಹೊತ್ತು

ಮಧುಗಿರಿ ಕಡೆ ನಮ್ಮ ಚಿಕ್ಕಪ್ಪನಿಗೆ ನಾಲ್ಕು ಎಕರೆ ಜಮೀನಿದೆ. ಒಂದು ಬೋರ್‌ವೆಲ್, ಅದಕ್ಕೆ 5 ಎಚ್‌ಪಿ ಮೋಟರ್. ಕಾಲೇಜಿನ ದಿನಗಳಲ್ಲಿ ರಜೆಗೆ ಅಲ್ಲಿಗೆ ಹೋದರೆ, ರಾತ್ರಿ ಅವರ ಜೊತೆ ತೋಟಕ್ಕೆ ಹೋಗುವುದು ನನ್ನ ಪಾಲಿನ ಕೆಲಸ. ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದದ್ದೇ ರಾತ್ರಿ ಒಂದಕ್ಕೋ ಎರಡಕ್ಕೋ. ಪಂಪ್‌ಮನೆ ಗೋಡೆಗೆ ಹೊಡೆದ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಮೂರು ಪುಟ್ಟ ದೀಪ: ಕೆಂಪು, ಹಳದಿ, ನೀಲಿ. ಮೂರೂ ಹತ್ತಿದರೆ ಮೋಟರ್ ಹಾಕಬಹುದು. ಎರಡೇ ಹತ್ತಿದರೆ ಕಂಬಳಿ ಹೊದ್ದು ಕಾಯಬೇಕು. ನೀರು ಬಂದ ಮೇಲೆ ಒಂದು ಕೈಲಿ ಟಾರ್ಚ್, ಇನ್ನೊಂದು ಕೈಲಿ ಗುದ್ದಲಿ. ಪಾತಿಯಿಂದ ಪಾತಿಗೆ ಮಡೆ ತಿರುಗಿಸಬೇಕು. ಒಂದು ರಾತ್ರಿ ನಾನು ಕಾಲಿಡಬೇಕಿದ್ದ ಬದುವಿನ ಮೇಲೆ ಕೊಳಕುಮಂಡಲ ಮಲಗಿತ್ತು. ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಆ ಹಿಡಿತ ಈಗಲೂ ನೆನಪಿದೆ.

ಅಷ್ಟು ಹೊತ್ತಲ್ಲಿ ಯಾಕೆ ಕರೆಂಟ್ ಕೊಡುತ್ತಾರೆ ಅಂತ ಕೇಳಿದ್ದೆ. "ಊರು ಮಲಗಿದಾಗ ಉಳಿದದ್ದು ನಮಗೆ" ಅಂದಿದ್ದರು. ಅವರ ಮಾತು ಸರಿಯಾಗಿಯೇ ಇತ್ತು. ಕಲ್ಲಿದ್ದಲಿನ ಸ್ಥಾವರವನ್ನು ಸ್ವಿಚ್ ಒತ್ತಿ ಆರಿಸಿ, ಬೆಳಗ್ಗೆ ಮತ್ತೆ ಹಚ್ಚಲು ಆಗುವುದಿಲ್ಲ. ರಾತ್ರಿ ಬೇಡಿಕೆ ಇಳಿದರೂ ಅದು ಉರಿಯುತ್ತಲೇ ಇರಬೇಕು. ಆ ಹೊತ್ತಿನ ಕರೆಂಟಿಗೆ ಒಂದು ಗಿರಾಕಿ ಬೇಕು. ಆ ಗಿರಾಕಿ ರೈತನ ಪಂಪ್‌ಸೆಟ್ ಆಗಿತ್ತು.

ಅದೇ ಚಿಕ್ಕಪ್ಪನ ಊರಿಂದ ಬೈಕಿನಲ್ಲಿ ಎರಡು ತಾಸು ಹೋದರೆ ಪಾವಗಡ ತಾಲ್ಲೂಕಿನ ತಿರುಮಣಿ ಸಿಗುತ್ತದೆ. ಅಲ್ಲಿ ಈಗ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಲೇಟು. ಈ ಎರಡು ಜಾಗಗಳ ನಡುವಿನ ಸಂಬಂಧವೇ ಈ ಬರಹದ ವಿಷಯ. ಬಿಸಿಲಿನ ಕರೆಂಟ್ ಎಲ್ಲಿ ಮಾಡಬೇಕು ಅನ್ನುವುದು ಒಂದು ಪ್ರಶ್ನೆ. ಅದನ್ನು ಯಾವ ಹೊತ್ತಲ್ಲಿ ಬಳಸಬೇಕು ಅನ್ನುವುದು ಇನ್ನೊಂದು. ಹೊಗೆ ನಿಜವಾಗಿ ಕಡಿಮೆ ಆಗಬೇಕಾದರೆ ಎರಡಕ್ಕೂ ಒಟ್ಟಿಗೆ ಉತ್ತರ ಬೇಕು. ನಾವು ಮೊದಲನೆಯದಕ್ಕೆ ಕೊಟ್ಟಷ್ಟು ಗಮನವನ್ನು ಎರಡನೆಯದಕ್ಕೆ ಕೊಟ್ಟಿಲ್ಲ.

ಜಾಗ

ಪಾವಗಡ ತಾಲ್ಲೂಕನ್ನು ನಕ್ಷೆಯಲ್ಲಿ ನೋಡಿ. ತುಮಕೂರು ಜಿಲ್ಲೆಗೆ ಸೇರಿದ್ದು, ಆದರೆ ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಜನ ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುತ್ತಾರೆ. ಮಳೆ ಕಡಿಮೆ, ಮಣ್ಣು ತೆಳು, ಬೆಳೆ ಅಂದರೆ ಕಡಲೆಕಾಯಿ. ಆರು ದಶಕದಲ್ಲಿ 54 ಸಲ ಬರಪೀಡಿತ ಅಂತ ಘೋಷಣೆಯಾದ ತಾಲ್ಲೂಕು ಇದು. ಬೋರ್‌ವೆಲ್ ಕೊರೆಸಿ ಸಾಲ ಮಾಡಿಕೊಂಡವರು, ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೋದವರು ಪ್ರತಿ ಊರಲ್ಲೂ ಸಿಗುತ್ತಾರೆ.

ರೈತನಿಗೆ ಕೈಕೊಟ್ಟ ಆಕಾಶವೇ ಸೋಲಾರ್‌ಗೆ ಒದಗಿ ಬಂತು. ಮೋಡ ಕಮ್ಮಿ ಅಂದರೆ ಬಿಸಿಲು ಜಾಸ್ತಿ. ನೆಲ ಬಹುಪಾಲು ಸಮತಟ್ಟು. ಕಾಡು ಕಡಿಯಬೇಕಿಲ್ಲ, ಊರು ಎಬ್ಬಿಸಬೇಕಿಲ್ಲ. 2015ರ ಮಾರ್ಚ್‌ನಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅನ್ನುವ ಕಂಪನಿ ಹುಟ್ಟಿತು. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೋಲಾರ್ ಎನರ್ಜಿ ಕಾರ್ಪೊರೇಷನ್ ಸೇರಿ ಮಾಡಿದ್ದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನುವ ಐದು ಊರುಗಳ ಸುಮಾರು 13,000 ಎಕರೆ ಇದಕ್ಕೆ ಸೇರಿತು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಹೆಸರು 'ಶಕ್ತಿ ಸ್ಥಳ'. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಸಿದ್ಧವಾಯಿತು. ಆಗ ಅದು ಲೋಕದ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು.

ಇಲ್ಲಿ ನನಗೆ ಮುಖ್ಯ ಅನಿಸುವುದು ಅಳತೆಗಿಂತ ಭೂಮಿ ಪಡೆದ ರೀತಿ. ಸರ್ಕಾರ ರೈತರಿಂದ ಜಮೀನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. 28 ವರ್ಷಕ್ಕೆ ಗುತ್ತಿಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿದವನಿಗೆ ಎಷ್ಟೋ ವರ್ಷ ಬೀಜದ ದುಡ್ಡೂ ವಾಪಸ್ ಬರುತ್ತಿರಲಿಲ್ಲ. ಹತ್ತು ಎಕರೆ ಇದ್ದವನಿಗೆ ಈಗ ವರ್ಷಕ್ಕೆ ಎರಡು ಲಕ್ಷದ ಮೇಲೆ ಗ್ಯಾರಂಟಿ. ಮೊದಮೊದಲು ಅನುಮಾನಿಸಿದ ಜನ ಆಮೇಲೆ "ನಮ್ಮ ಜಮೀನೂ ತಗೊಳ್ಳಿ" ಅಂತ ಮುಂದೆ ಬಂದರು.

ಇದನ್ನು ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಜೊತೆ ಇಟ್ಟು ನೋಡಬೇಕು. ಅಲ್ಲಿನ ಅಮೃತಮಹಲ್ ಕಾವಲು ಹುಲ್ಲುಗಾವಲು. ಮೈಸೂರು ಅರಸರ ಕಾಲದಿಂದ ದನ ಮೇಯಿಸಲು ಬಿಟ್ಟ ನೆಲ. ಕೃಷ್ಣಮೃಗ, ಎರ್ಲಡ್ಡು ಹಕ್ಕಿ, ಕುರಿಗಾಹಿಗಳು ಎಲ್ಲರಿಗೂ ಅದು ಆಸರೆ. ಅಂಥ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹಂಚಿದರು. ಅದರಲ್ಲೇ ಒಂದಿಷ್ಟು ಸೋಲಾರ್‌ಗೂ ಹೋಯಿತು. ಮೇವಿನ ನೆಲ ಕಳೆದುಕೊಂಡ ಊರಿನವರು ಹೋರಾಟಕ್ಕಿಳಿದರು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಹುಲ್ಲುಗಾವಲನ್ನು 'ಪಾಳುಭೂಮಿ' ಅಂತ ಕಾಗದದಲ್ಲಿ ಬರೆದುಬಿಟ್ಟರೆ ಅದು ಖಾಲಿ ಜಾಗದಂತೆ ಕಾಣುತ್ತದೆ. ಖಾಲಿ ಅಲ್ಲ. ಬಿಸಿಲು ಎರಡೂ ಕಡೆ ಒಂದೇ ತೂಕದ್ದು. ಪಾವಗಡದಲ್ಲಿ ಒಡೆಯನನ್ನು ಕೇಳಿ ತೆಗೆದುಕೊಂಡರು, ಚಳ್ಳಕೆರೆಯಲ್ಲಿ ಕೇಳಬೇಕಾದವರನ್ನು ಕೇಳಲಿಲ್ಲ.

ಆದರೆ ಪಾವಗಡದಲ್ಲೂ ಒಡೆಯನನ್ನು ಮಾತ್ರ ಕೇಳಿದರು. ಇದನ್ನು ಮುಚ್ಚಿಡಬಾರದು.

ಗುತ್ತಿಗೆ ದುಡ್ಡು ಪಹಣಿ ಇದ್ದವನ ಖಾತೆಗೆ ಹೋಗುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಕುರಿ ಮೇಯಿಸುವವರು ಬೆಳೆ ಕೊಯ್ದ ಮೇಲೆ ಹೊಲಗಳಲ್ಲಿ ಮಂದೆ ಬಿಡುತ್ತಿದ್ದರು. ಈಗ ಅಲ್ಲಿ ತಂತಿಬೇಲಿ. ವಳ್ಳೂರಿನ ಕಡೆ ಹೋದಾಗ ಬೇಲಿ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಒಬ್ಬರು ಐವತ್ತರವತ್ತು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಬೇಲಿಯ ಆಚೆ ಪ್ಲೇಟಿನ ನೆರಳಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಆ ಹುಲ್ಲು ಕತ್ತರಿಸಲು ಕಂಪನಿಗಳು ಕೂಲಿ ಕೊಟ್ಟು ಆಳು ಇಡುತ್ತವೆ. ಕುರಿಗಳು ಬೇಲಿಯೊಳಗೆ ಮೂತಿ ತೂರಿಸಿ ಸಿಕ್ಕಷ್ಟು ಕಿತ್ತುಕೊಳ್ಳುತ್ತಿದ್ದವು. ಪ್ಲೇಟುಗಳನ್ನು ಒಂದೆರಡು ಅಡಿ ಎತ್ತರಿಸಿ ಕೂರಿಸಿದ್ದರೆ, ಸರದಿಯ ಮೇಲೆ ಮಂದೆ ಒಳಗೆ ಬಿಟ್ಟಿದ್ದರೆ ಎರಡೂ ಕೆಲಸ ಆಗುತ್ತಿತ್ತು, ಅಲ್ವಾ? ಬೇರೆ ದೇಶಗಳಲ್ಲಿ ಮಾಡುತ್ತಿದ್ದಾರೆ. ಇಲ್ಲಿ ಮುಂದೆ ಪಾರ್ಕ್ ವಿಸ್ತರಿಸುವಾಗ ಇದನ್ನು ಕರಾರಿನಲ್ಲೇ ಬರೆಯಬೇಕು. ಕೂಲಿಯವರಿಗೂ ಗುತ್ತಿಗೆ ದುಡ್ಡಿನಲ್ಲಿ ಒಂದು ಪಾಲು ಇರಬೇಕು.

ಕರೆಂಟಿನ ಬೆಲೆಯ ವಿಷಯ ಬೇಗ ಹೇಳಿಬಿಡುತ್ತೇನೆ. 2016ರ ಹರಾಜುಗಳಲ್ಲಿ ಪಾವಗಡದ ಯೂನಿಟ್ ಬೆಲೆ 4 ರೂಪಾಯಿ 80 ಪೈಸೆಯ ಆಸುಪಾಸು ಇತ್ತು. 2018ರ ಹೊತ್ತಿಗೆ 3 ರೂಪಾಯಿಗಿಂತ ಕೆಳಗಿಳಿಯಿತು. ಅಲ್ಲಿಗೆ ಸೋಲಾರ್ ದುಬಾರಿ ಅನ್ನುವ ವಾದ ಮುಗಿಯಿತು.

ಹೊತ್ತು

ಈಗ ಲೆಕ್ಕಕ್ಕೆ ಬರೋಣ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚುಕಮ್ಮಿ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನಾನು ಹೊಗೆ ಅನ್ನುವುದು ಇದನ್ನೇ. ನೀರು, ಗಾಳಿ, ಬಿಸಿಲು, ಅಣು ಎಲ್ಲ ಸೇರಿಸಿ ದೇಶದ ಸರಾಸರಿ ತೆಗೆದರೆ ಯೂನಿಟ್‌ಗೆ ಸುಮಾರು 0.7 ಕಿಲೋ. ಪಾವಗಡದಂಥ ಪಾರ್ಕ್ ವರ್ಷಕ್ಕೆ 400 ಕೋಟಿ ಯೂನಿಟ್ ಆಸುಪಾಸು ಕೊಡಬಲ್ಲದು. ಅಷ್ಟೂ ಯೂನಿಟ್ ಕಲ್ಲಿದ್ದಲಿನ ಬದಲಿಗೆ ಬಂದರೆ 40 ಲಕ್ಷ ಟನ್‌ನಷ್ಟು ಹೊಗೆ ಉಳಿಯುತ್ತದೆ. 'ಬಂದರೆ' ಅನ್ನುವ ಮಾತಿನಲ್ಲೇ ಎಲ್ಲಾ ಇದೆ.

ಪ್ಲೇಟಿನ ದಿನಚರಿ ನೋಡಿ. ಬೆಳಗ್ಗೆ ಆರೂವರೆ ಏಳಕ್ಕೆ ಕರೆಂಟ್ ಶುರು. ಹನ್ನೆರಡರಿಂದ ಒಂದರ ತನಕ ಏರಿ ನಿಲ್ಲುತ್ತದೆ. ಮೂರರ ಮೇಲೆ ಇಳಿಮುಖ. ಸಂಜೆ ಆರಕ್ಕೆ ಸೊನ್ನೆ. ಕರೆಂಟ್ ಅನ್ನುವುದು ರಾಗಿಯ ಹಾಗೆ ಕಣಜದಲ್ಲಿ ತುಂಬಿಡುವ ವಸ್ತು ಅಲ್ಲ. ಮಾಡಿದ ಕ್ಷಣವೇ ಯಾರಾದರೂ ಬಳಸಬೇಕು. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರ ಕೆಲಸ ಇಡೀ ದಿನ ಇದೇ: ಬೇಡಿಕೆ ಎಷ್ಟು, ಪೂರೈಕೆ ಎಷ್ಟು, ಎರಡನ್ನೂ ಸಮ ಹಿಡಿಯುವುದು.

ಮಧ್ಯಾಹ್ನ ಬಿಸಿಲು ಏರಿದಾಗ ಅವರು ರಾಯಚೂರು, ಬಳ್ಳಾರಿ, ಯರಮರಸಿನ ಕಲ್ಲಿದ್ದಲು ಘಟಕಗಳಿಗೆ "ಇಳಿಸಿ" ಅಂತ ಹೇಳುತ್ತಾರೆ. ಮೂರೂ ಸೇರಿ 5,000 ಮೆಗಾವ್ಯಾಟ್. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ತರಬೇಕು. ಇಳಿಸಿದಷ್ಟೂ ಕಲ್ಲಿದ್ದಲು ಉಳಿತಾಯ, ಹೊಗೆಯೂ ಉಳಿತಾಯ. ಆದರೆ ಒಂದು ಘಟಕವನ್ನು ಅದರ ಸಾಮರ್ಥ್ಯದ ಸುಮಾರು ಶೇ 55ಕ್ಕಿಂತ ಕೆಳಗೆ ಇಳಿಸುವುದು ಕಷ್ಟ. ಬಾಯ್ಲರ್‌ನ ಬೆಂಕಿ ಸ್ಥಿರವಾಗಿ ನಿಲ್ಲುವುದಿಲ್ಲ. ಪೂರ್ತಿ ಆರಿಸಿದರೆ ಸಂಜೆಗೆ ಹಚ್ಚಲು ಆಗಲ್ಲ. ಸಂಜೆ ಬೇಕೇ ಬೇಕು. ಹಾಗಾಗಿ ಮಧ್ಯಾಹ್ನ ಬೇಡಿಕೆ ಇಲ್ಲದಿದ್ದರೆ, ಒಂದು ಹಂತ ದಾಟಿದ ಮೇಲೆ "ಇಳಿಸಿ" ಅನ್ನುವ ಮಾತು ಸೋಲಾರ್‌ಗೇ ಹೋಗುತ್ತದೆ. ಬಿಸಿಲು ಬೀಳುತ್ತಲೇ ಇರುತ್ತದೆ, ಕರೆಂಟ್ ಮಾತ್ರ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಮುಂಗಾರಿನಲ್ಲಿ ಹೀಗಾಗುತ್ತದೆ. ಮಳೆ ಬಿದ್ದು ಪಂಪ್‌ಸೆಟ್ ನಿಂತಿರುತ್ತವೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಭರ್ಜರಿಯಾಗಿ ತಿರುಗುತ್ತಿರುತ್ತವೆ. ಕೆಳಗೆ ಬಳಸುವವರೇ ಇರುವುದಿಲ್ಲ.

ಒಂದು ಯೂನಿಟ್‌ನ ಹೊಗೆಯನ್ನು ಸರಾಸರಿಯಿಂದ ಅಳೆಯಬಾರದು ಅಂತ ನಾನು ಹೇಳುವುದು ಇದಕ್ಕೇ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕ್ಷಣ ನಾನೊಂದು ಮೋಟರ್ ಹಾಕಿದರೆ, ಅದಕ್ಕಾಗಿ ಎಲ್ಲಿ ಏನು ಹೆಚ್ಚು ಉರಿಯುತ್ತದೆ? ಸಂಜೆ ಏಳೂವರೆಗೆ ಹಾಕಿದರೆ ಉತ್ತರ ಬಹುಪಾಲು ಕಲ್ಲಿದ್ದಲು. ಸೋಲಾರ್ ಚೆಲ್ಲಿಹೋಗುತ್ತಿರುವ ಮಧ್ಯಾಹ್ನ ಹಾಕಿದರೆ ಏನೂ ಉರಿಯುವುದಿಲ್ಲ, ಚೆಲ್ಲುವುದು ಬಳಕೆಗೆ ಬರುತ್ತದೆ. ಕಡು ಬೇಸಿಗೆಯ ಮಧ್ಯಾಹ್ನ ಬೇಡಿಕೆಯೇ ಆಕಾಶಕ್ಕೆ ಏರಿದ್ದರೆ, ಆಗಲೂ ಕಲ್ಲಿದ್ದಲೇ ಹೆಚ್ಚು ಉರಿಯಬಹುದು. ಜುಲೈನ ಗಾಳಿ ರಾತ್ರಿ, ಮೋಡ ಕವಿದ ಜುಲೈ ಮಧ್ಯಾಹ್ನಕ್ಕಿಂತ ಹಸನಾಗಿರಬಹುದು. "ಹಗಲು ಒಳ್ಳೆಯದು, ರಾತ್ರಿ ಕೆಟ್ಟದ್ದು" ಅಂತ ಸುಮ್ನೆ ಗೆರೆ ಎಳೆಯಲು ಬರುವುದಿಲ್ಲ. ಆದರೂ ನಮ್ಮ ರಾಜ್ಯದ ವರ್ಷವಿಡೀ ಲೆಕ್ಕ ಹಾಕಿದರೆ, ಸಂಜೆಯ ಹೊರೆಯನ್ನು ಹಗಲಿಗೆ ತರುವುದರಲ್ಲಿ ಲಾಭ ಇದ್ದೇ ಇದೆ.

ಸಂಜೆಯ ಆ ಇಳಿಜಾರನ್ನು ಇವತ್ತು ತುಂಬುವುದು ಶರಾವತಿ. ಬಿಸಿಲು ಕಂತುತ್ತಿದ್ದಂತೆ ಊರೂರಲ್ಲಿ ದೀಪ, ಫ್ಯಾನ್, ಟಿವಿ, ಮಿಕ್ಸಿ ಒಟ್ಟಿಗೆ ಶುರು. ಒಂದೆರಡು ತಾಸಿನಲ್ಲಿ ಸಾವಿರಾರು ಮೆಗಾವ್ಯಾಟ್ ಏರಿಸಬೇಕು. ಕಲ್ಲಿದ್ದಲು ಅಷ್ಟು ಬೇಗ ಏರಲ್ಲ. ನೀರು ಏರುತ್ತದೆ. ಶರಾವತಿಯ 1,035 ಮೆಗಾವ್ಯಾಟ್‌ನ ಹತ್ತು ಯಂತ್ರಗಳು ನಿಮಿಷಗಳಲ್ಲಿ ಎದ್ದು ನಿಲ್ಲುತ್ತವೆ. ಹಗಲು ಪಾವಗಡ ನಡೆಸಿದಷ್ಟು ಹೊತ್ತು ಲಿಂಗನಮಕ್ಕಿಯ ನೀರು ಅಣೆಕಟ್ಟಿನಲ್ಲೇ ಉಳಿಯುತ್ತದೆ, ಸಂಜೆಗೆ ಇಳಿಯುತ್ತದೆ. ಬಯಲುಸೀಮೆಯ ಬಿಸಿಲು ಮಲೆನಾಡಿನ ನೀರನ್ನು ಕಾಯುತ್ತದೆ. ಈ ಜೋಡಿ ಎಲ್ಲ ರಾಜ್ಯಕ್ಕೂ ಇಲ್ಲ.

ಪಂಪ್‌ಸೆಟ್

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್ ಇವೆ. ರಾಜ್ಯದ ಕರೆಂಟಿನಲ್ಲಿ ಮೂರನೇ ಒಂದರಷ್ಟು ಪಾಲು ಅವುಗಳದ್ದೇ. 10 ಎಚ್‌ಪಿ ತನಕ ರೈತರಿಗೆ ಉಚಿತ. ಎಲ್ಲ ಮೋಟರ್‌ಗಳನ್ನು 5 ಎಚ್‌ಪಿ ಅಂತಲೇ ಹಿಡಿದು, ಒಟ್ಟಿಗೆ ಹಾಕಿದರೆ 11,000 ಮೆಗಾವ್ಯಾಟ್ ಬೇಕು. ಯಾವ ಗ್ರಿಡ್ಡೂ ತಡೆಯಲ್ಲ. ಅದಕ್ಕೇ ಬ್ಯಾಚ್ ಪದ್ಧತಿ. ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ಲೈನಿಗೆ ಫೀಡರ್ ಅನ್ನುತ್ತಾರೆ. ಒಂದು ಫೀಡರ್‌ಗೆ ಇಷ್ಟು ಗಂಟೆ, ಇನ್ನೊಂದಕ್ಕೆ ಅಷ್ಟು ಗಂಟೆ. ಯಾವ ಹೊತ್ತಲ್ಲಿ ಕೊಡಬೇಕು ಅನ್ನುವುದು ಸಬ್‌ಸ್ಟೇಷನ್ ಕೈಯಲ್ಲಿದೆ.

ಇದರ ಮಹತ್ವ ನನಗೆ ತಡವಾಗಿ ಹೊಳೆಯಿತು. ನಗರದ ಮನೆಯವರಿಗೆ ಸಂಜೆ ಬದಲು ಮಧ್ಯಾಹ್ನ ಬಳಸಿ ಅಂದರೆ ಬೆಲೆ ತೋರಿಸಬೇಕು, ಸ್ಮಾರ್ಟ್ ಮೀಟರ್ ಬೇಕು, ಒಪ್ಪಿಸಬೇಕು. ಪಂಪ್‌ಸೆಟ್ಟಿಗೆ ಅದೇನೂ ಬೇಡ. ಕರೆಂಟ್ ಬಂದಾಗ ಅದು ಓಡುತ್ತದೆ. ಗಿಡಕ್ಕೆ ನೀರು ಬೆಳಗ್ಗೆ ಒಂಬತ್ತಕ್ಕೆ ಬಂದರೂ ಸರಿ, ಹನ್ನೊಂದಕ್ಕೆ ಬಂದರೂ ಸರಿ. ಅಂದರೆ ರಾಜ್ಯದ ಮೂರನೇ ಒಂದು ಬಳಕೆಯ ಹೊತ್ತನ್ನು ಬದಲಿಸುವ ಸ್ವಿಚ್ ಆಗಲೇ ನಮ್ಮ ಹತ್ತಿರ ಇತ್ತು. ಬೇರೆ ದೇಶಗಳು ಬ್ಯಾಟರಿಗಾಗಿ ಸಾವಿರಾರು ಕೋಟಿ ಸುರಿಯುತ್ತಿವೆ. ನಮಗೆ ಬಾವಿಯೇ ಬ್ಯಾಟರಿ.

ಸೋಲಾರ್ ಬೆಳೆದಂತೆ ಹೊತ್ತು ಬದಲಾಯಿತು. ರಾತ್ರಿಯ ಬ್ಯಾಚುಗಳು ಒಂದೊಂದಾಗಿ ಹಗಲಿಗೆ ಬಂದವು. ಮೊದಲು ಬೇಡಿಕೆಯ ತುದಿ ಸಂಜೆ ಇರುತ್ತಿತ್ತು. ಈಗ ಬೇಸಿಗೆಯಲ್ಲಿ ಅದು ಬೆಳಗಿನ ಹೊತ್ತಿಗೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಅಷ್ಟು ದೊಡ್ಡ ತುದಿ ಸಂಜೆ ಏಳಕ್ಕೆ ಬಂದಿದ್ದರೆ ನಿಭಾಯಿಸಲು ಆಗುತ್ತಲೇ ಇರಲಿಲ್ಲ. ಬಿಸಿಲಿನ ಕೆಳಗೆ ಬಂದದ್ದರಿಂದ ನಡೆಯಿತು.

ಚಿಕ್ಕಪ್ಪನ ಫೀಡರ್‌ಗೂ ಈಗ ಹಗಲಲ್ಲೇ ತ್ರೀ ಫೇಸ್. 5 ಎಚ್‌ಪಿ ಮೋಟರ್ ಏಳು ಗಂಟೆ ಓಡಿದರೆ 26 ಯೂನಿಟ್. ರಾತ್ರಿ ಕಲ್ಲಿದ್ದಲಿನಿಂದ ಓಡಿದ್ದರೆ ದಿನಕ್ಕೆ 25 ಕಿಲೋ ಹೊಗೆ, ನೂರು ದಿನಕ್ಕೆ ಎರಡೂವರೆ ಟನ್. ಒಂದು ಬಡ ಬೋರ್‌ವೆಲ್ಲಿನ ಲೆಕ್ಕ ಇದು. ಅವರಿಗೆ ಈ ಟನ್ನುಗಳ ಮಾತು ಬೇಕಿಲ್ಲ. "ರಾತ್ರಿ ನಿದ್ದೆ ಬರ್ತದೆ ಕಣೋ" ಅಂದರು. ಕೃಷಿ ಹೊಂಡ ತೋಡಿಸಿ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಬೋರಿನ ನೀರು ಹಗಲೆಲ್ಲ ಅದಕ್ಕೆ ಬೀಳುತ್ತದೆ. ಹೊಂಡ ಎತ್ತರದಲ್ಲಿದೆ. ಸಂಜೆ ವಾಲ್ವ್ ತಿರುಗಿಸಿದರೆ ನೀರು ತಾನೇ ಇಳಿದು ಡ್ರಿಪ್ಪಿಗೆ ಹೋಗುತ್ತದೆ. ಮೋಟರ್ ಬೇಡ, ಕರೆಂಟ್ ಬೇಡ. ಮಧ್ಯಾಹ್ನದ ಬಿಸಿಲು ಆ ಹೊಂಡದಲ್ಲಿ ನೀರಾಗಿ ನಿಂತಿರುತ್ತದೆ.

ತೊಡಕುಗಳೂ ಇವೆ. ರಾತ್ರಿ ಹಳ್ಳಿಗೆ ದೀಪಕ್ಕಾಗಿ ಸಿಂಗಲ್ ಫೇಸ್ ಇರುತ್ತದೆ. ಕೆಲವರು ಅದಕ್ಕೇ ಕಂಡೆನ್ಸರ್ ಹಾಕಿ ಮೋಟರ್ ಓಡಿಸುತ್ತಾರೆ. ಒಂದು ಬೇಸಿಗೆ ಹೀಗೇ ಹೊರೆ ಜಾಸ್ತಿಯಾಗಿ ನಮ್ಮ ಕಡೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಹೊಸದು ಬರಲು ಹದಿನೆಂಟು ದಿನ. ಚಿಕ್ಕಪ್ಪನ ಟೊಮೆಟೊ ಕಣ್ಣೆದುರೇ ಒಣಗಿತು. ತಪ್ಪು ಕಂಡೆನ್ಸರ್ ಹಾಕಿದವರದ್ದೂ ಹೌದು, ಹಗಲು ಹೇಳಿದ ಹೊತ್ತಿಗೆ ಕರೆಂಟ್ ಕೊಡದವರದ್ದೂ ಹೌದು. ಹೇಳಿದ ಗಂಟೆಗೆ ಕರೆಂಟ್ ಬಂದರೆ ಯಾರೂ ಕದ್ದು ಓಡಿಸುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು, ನೆಲದೊಳಗಿನದ್ದು. ಆಟೋ ಸ್ಟಾರ್ಟರ್ ಹಾಕಿ ಬಿಟ್ಟರೆ ಕರೆಂಟ್ ಇರುವಷ್ಟೂ ಹೊತ್ತು ನೀರು ಹರಿಯುತ್ತದೆ, ಬೇಕಿರಲಿ ಬಿಡಲಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಅಂತರ್ಜಲ ಪಾತಾಳ ಸೇರಿ ಎಷ್ಟೋ ಕಾಲವಾಯಿತು. ಹಗಲು ಕರೆಂಟ್ ಕೊಟ್ಟು ಹೊಗೆ ಉಳಿಸಿ, ಬಾವಿ ಬತ್ತಿಸಿದರೆ ಏನು ಸಾಧಿಸಿದಂತಾಯಿತು? ಹಗಲಿನ ಕರೆಂಟ್ ಜೊತೆಗೆ ಡ್ರಿಪ್, ಹೊಂಡ, ಹೊಂಡ ತುಂಬಿದರೆ ಮೋಟರ್ ನಿಲ್ಲಿಸುವ ತೇಲುಬುಡ್ಡೆ ಸ್ವಿಚ್ ಕಡ್ಡಾಯ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ಲೇಟು ಮತ್ತು ಪಂಪನ್ನು ಒಂದೇ ತಂತಿಗೆ ಕಟ್ಟುವ ದಾರಿಯೂ ಈಗ ಇದೆ. 2019ರಲ್ಲಿ ಕೇಂದ್ರ ತಂದ ಕುಸುಮ್ ಯೋಜನೆಯ ಸಿ ಭಾಗದಲ್ಲಿ, ಸಬ್‌ಸ್ಟೇಷನ್ ಹತ್ತಿರವೇ ಕೆಲವು ಮೆಗಾವ್ಯಾಟ್‌ನ ಸೋಲಾರ್ ಕೂರಿಸಿ, ಅಲ್ಲಿಂದ ಹೊರಡುವ ಪಂಪ್‌ಸೆಟ್ ಫೀಡರ್‌ಗಳಿಗೆ ಕೊಡುತ್ತಾರೆ. ಕೃಷಿ ಫೀಡರ್‌ಗಳನ್ನು ಮನೆ ಫೀಡರ್‌ಗಳಿಂದ ಬೇರ್ಪಡಿಸುವ ಕೆಲಸ ನಿರಂತರ ಜ್ಯೋತಿ ಯೋಜನೆಯಲ್ಲಿ ಬಹುಮಟ್ಟಿಗೆ ಆಗಿದ್ದರಿಂದ ನಮಗೆ ಇದು ಸುಲಭ. ಬಿಸಿಲು ಬಂದಾಗ ಕರೆಂಟ್, ಕರೆಂಟ್ ಬಂದಾಗ ನೀರು. ಪಾವಗಡದ ಕರೆಂಟ್ 400 ಕೆವಿ ಲೈನ್ ಹಿಡಿದು ನೂರಾರು ಕಿಲೋಮೀಟರ್ ಹೋಗಬೇಕು, ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ಇದು ಊರಲ್ಲೇ ಹುಟ್ಟಿ ಊರಲ್ಲೇ ಖರ್ಚಾಗುತ್ತದೆ. ಇನ್ನೊಂದು ಪಾವಗಡಕ್ಕಿಂತ ಇಂಥ ನೂರಾರು ಪುಟ್ಟ ಪಾರ್ಕುಗಳು ನನಗೆ ಇಷ್ಟ. ಒಂದೇ ತಾಲ್ಲೂಕಿನ ಕೂಲಿಯವರ ಮೇಲೆ ಎಲ್ಲ ಭಾರ ಬೀಳುವುದಿಲ್ಲ.

2023

ಈ ಇಡೀ ಏರ್ಪಾಡಿಗೆ ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಬೇರೆ ವರ್ಷ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ ನಿಂತಿರುತ್ತವೆ. ಆ ವರ್ಷ ಬೆಳೆ ಉಳಿಸಲು ಎಲ್ಲರೂ ಒಟ್ಟಿಗೆ ಮೋಟರ್ ಹಾಕಿದರು. ಲಿಂಗನಮಕ್ಕಿ ತುಂಬಿರಲಿಲ್ಲ, ನೀರಿನ ಕರೆಂಟ್ ಬಿಗಿ ಹಿಡಿಯಬೇಕಿತ್ತು. ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ರೈತರು ಬೀದಿಗಿಳಿದರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ ಖಾಸಗಿ ಸ್ಥಾವರಗಳ ಕರೆಂಟ್ ಹೊರಗೆ ಹೋಗದಂತೆ ತಡೆಯಿತು. ಉತ್ತರಪ್ರದೇಶ, ಪಂಜಾಬಿನಿಂದ ಕರೆಂಟ್ ಕಡ ತಂದಿತು, ಆಮೇಲೆ ಹಿಂತಿರುಗಿಸುವ ಕರಾರಿನ ಮೇಲೆ. ನಂತರ ಮತ್ತೆ ಏಳು ಗಂಟೆ ಮಾಡಿತು.

ಆ ತಿಂಗಳುಗಳಲ್ಲಿ ಬಿಸಿಲು ಮಾತ್ರ ಕೈಬಿಡಲಿಲ್ಲ. ಮೋಡ ಇಲ್ಲದ ಬರಗಾಲದಲ್ಲಿ ಪ್ಲೇಟು ಚೆನ್ನಾಗಿಯೇ ನಡೆಯುತ್ತದೆ. ಬಿಸಿಲಿನ ಜೊತೆಗಾರ ಅಂತ ನಂಬಿದ್ದ ನೀರೇ ಇಲ್ಲದಾಗ, ಸಂಜೆ ಪೂರ್ತಿ ಕಲ್ಲಿದ್ದಲಿನ ಮೇಲೆ ಬಿತ್ತು. ಬರದ ವರ್ಷದಲ್ಲಿ ಪ್ರತಿ ಪಂಪ್‌ಸೆಟ್ಟೂ ಹಗಲಲ್ಲಿರಬೇಕು, ಸಂಜೆಗೆ ಒಂದೂ ಉಳಿಯಬಾರದು. ಆ ವರ್ಷ ಅದು ಪೂರ್ತಿ ಆಗಿರಲಿಲ್ಲ.

ಮನೆಯ ಗೀಸರ್

ನಗರದವರ ಪಾಲೂ ಇದೆ. ಬೆಂಗಳೂರಲ್ಲಿ ಹೊಸ ಮನೆ ಕಟ್ಟಿದರೆ ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಇರಲೇಬೇಕು ಅನ್ನುವ ನಿಯಮ ಬಹಳ ಹಿಂದೆಯೇ ಬಂತು. ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿಯೂ ಸಿಗುತ್ತಿತ್ತು. ಅದರಿಂದ ಉಳಿದ ಹೊಗೆ ಎಷ್ಟೋ ಯೋಜನೆಗಳಿಗಿಂತ ಜಾಸ್ತಿ ಅಂತ ನಾನು ನಂಬುತ್ತೇನೆ. ಯಾಕೆ ಅಂದರೆ ಗೀಸರ್ ಹಚ್ಚುವುದು ಬೆಳಗ್ಗೆ ಆರಕ್ಕೆ, ಬಿಸಿಲು ಇನ್ನೂ ಬಾರದ ಹೊತ್ತು. ತಾರಸಿಯ ಟ್ಯಾಂಕು ನಿನ್ನೆಯ ಮಧ್ಯಾಹ್ನವನ್ನು ಇವತ್ತಿನ ಸ್ನಾನಕ್ಕೆ ಎತ್ತಿಟ್ಟಿರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಒಂದೆರಡು ಮಹಡಿಗೆ ಮಾತ್ರ ಅದು ಸಾಲುತ್ತದೆ. ಉಳಿದವರು ಮಧ್ಯಾಹ್ನ ಒಂದಕ್ಕೆ ಟೈಮರ್ ಇಟ್ಟು ಗೀಸರ್ ಕಾಯಿಸಬಹುದು. ಒಳ್ಳೆಯ ಟ್ಯಾಂಕಾದರೆ ಮರುದಿನ ಬೆಳಗಿನ ತನಕ ಬಿಸಿ ನಿಲ್ಲುತ್ತದೆ.

ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. ಬಿಸಿಲಿನ ಎಂಟು ಗಂಟೆ ಬೆಲೆ ಕನಿಷ್ಠ ಶೇ 20 ಕಡಿಮೆ, ತುದಿಯ ಹೊತ್ತಲ್ಲಿ ಜಾಸ್ತಿ. ದೊಡ್ಡ ಅಂಗಡಿ, ಕಾರ್ಖಾನೆಗಳಿಗೆ 2024ರ ಏಪ್ರಿಲ್‌ನಿಂದ, ಉಳಿದವರಿಗೆ 2025ರ ಏಪ್ರಿಲ್‌ನಿಂದ. ಕೃಷಿಗೆ ಇಲ್ಲ. ಮನೆಗಳಿಗೆ ಸ್ಮಾರ್ಟ್ ಮೀಟರ್ ಬರದೆ ಇದು ನಿಜವಾಗಿ ತಟ್ಟುವುದಿಲ್ಲ.

ಮತ್ತೆ ಜಾಗದ ಪ್ರಶ್ನೆ

ಹಗಲಿನ ಕರೆಂಟನ್ನು ಸಂಜೆಗೆ ಎತ್ತಿಡಲು ಈಗ ಸರ್ಕಾರದ ಮುಂದಿರುವ ದೊಡ್ಡ ಯೋಜನೆ ಶರಾವತಿ ಪಂಪ್ಡ್ ಸ್ಟೋರೇಜ್, 2,000 ಮೆಗಾವ್ಯಾಟ್. ಬಿಸಿಲಿದ್ದಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಮತ್ತೆ ಬಿಟ್ಟು ಕರೆಂಟ್ ಮಾಡುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ವಾಪಸ್. ತಂತ್ರದಲ್ಲಿ ತಪ್ಪಿಲ್ಲ. ಆದರೆ ಸುರಂಗ ಕೊರೆಯಬೇಕಾದದ್ದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಮಳೆಕಾಡು, ಕುಸಿಯುವ ಗುಡ್ಡ, ಮರದಿಂದ ಮರಕ್ಕೆ ದಾಟುವ ಸಿಂಗಳೀಕ. ಹೊತ್ತಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ಮತ್ತೆ ಜಾಗದ ಪ್ರಶ್ನೆಗೇ ಬಂದು ನಿಂತಿದ್ದೇವೆ. ಈ ಸಲ ಜಾಗ ಕಡಲೆಕಾಯಿ ಹೊಲ ಅಲ್ಲ. ಒಮ್ಮೆ ಕಡಿದರೆ 28 ವರ್ಷಕ್ಕೆ ವಾಪಸ್ ಕೊಡಲು ಬರುವಂಥದ್ದಲ್ಲ.

ನನ್ನ ಮಾತು ಇಷ್ಟು. ಕೃಷಿ ಫೀಡರ್‌ಗಳಲ್ಲಿ ಇನ್ನೂ ಎಷ್ಟು ರಾತ್ರಿ ಬ್ಯಾಚುಗಳಿವೆ, ಮೊದಲು ಅದರ ಪಟ್ಟಿ ಹೊರಗೆ ಬರಲಿ. ಅವು ಹಗಲಿಗೆ ಬರಲಿ. ಬಯಲುಸೀಮೆಯಲ್ಲಿ ಹೊಂಡಗಳು ತುಂಬಲಿ, ಗೀಸರ್‌ಗಳು ಮಧ್ಯಾಹ್ನಕ್ಕೆ ಸರಿಯಲಿ, ಪಾವಗಡದ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಬ್ಯಾಟರಿ ಕೂರಲಿ. ಅಲ್ಲಿ ನೆಲವೂ ಇದೆ, ಲೈನೂ ಇದೆ, ಸಂಜೆ ಆರರ ಮೇಲೆ ಆ ಲೈನ್ ಬಹುಪಾಲು ಸುಮ್ಮನೆ ಮಲಗಿರುತ್ತದೆ. ಇವೆಲ್ಲ ಮುಗಿದ ಮೇಲೂ ಸಂಜೆಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಅಳೆದು ಜನರ ಮುಂದೆ ಇಡಲಿ. ಅಲ್ಲಿಯ ತನಕ ತಲಕಳಲೆಯ ಕೆಳಗಿನ ಕಾಡಿಗೆ ಡ್ರಿಲ್ ಇಳಿಸುವುದಕ್ಕೆ ನಾನು ಒಪ್ಪುವುದಿಲ್ಲ.